ಅಡುಗೆಮನೆಯ ಹಸಿ ಕಸದಿಂದ ಕೈತೋಟಕ್ಕೆ ಗೊಬ್ಬರ

ತರಕಾರಿ ಸಿಪ್ಪೆಯನ್ನು ಹಸಿಯಾಗಿಯೇ ಗಿಡದ ಬುಡಕ್ಕೆ ಸುರಿಯುವವರು ಬಹಳ ಮಂದಿ. ಆದರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ ಸರಳ ಲವಣಗಳನ್ನಾಗಿ ಮಾಡುವವರೆಗೆ ಅದರಲ್ಲಿರುವ ಪೋಷಕಾಂಶ ಬೇರಿಗೆ ದಕ್ಕುವುದಿಲ್ಲ. ಆ ಕೊಳೆಯುವಿಕೆ ಕುಂಡದ ಇಕ್ಕಟ್ಟಿನಲ್ಲೇ ನಡೆದರೆ ಬೇರಿಗೆ ಗಾಳಿ ಸಾಲದಾಗುತ್ತದೆ, ನೊಣಗಳೂ ಮುತ್ತುತ್ತವೆ. ಆದ್ದರಿಂದ ಕಸವನ್ನು ಬೇರೆಡೆ ಗೊಬ್ಬರವಾಗಿಸಿಯೇ ಗಿಡಕ್ಕೆ ಕೊಡಬೇಕು.

ಮುಚ್ಚಳವಿರುವ ಸುಮಾರು 20 ಲೀಟರಿನ ಬಕೆಟ್ಟಿನ ತಳಕ್ಕೂ ಬದಿಗಳಿಗೂ ತೂತು ಕೊರೆದು, ಅಡಿಯಲ್ಲಿ ಒಂದು ತಟ್ಟೆಯಿಟ್ಟು, ಒಳಗೆ ತರಗೆಲೆಯ ಹಾಸು ಹರಡಿ. ದಿನದ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕಿದಾಗಲೆಲ್ಲ ಅದರ ಎರಡರಷ್ಟು ತರಗೆಲೆಯನ್ನೋ ಹರಿದ ರಟ್ಟನ್ನೋ ಮೇಲೆ ಮುಚ್ಚಿ. ಹಸಿ ಕಸದಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲವಿದ್ದಾಗ ಸೂಕ್ಷ್ಮಜೀವಿಗಳ ಕೆಲಸ ಚುರುಕಾಗಿ ಸಾಗುತ್ತದೆ. ಇದಕ್ಕಾಗಿ ಪ್ರತ್ಯೇಕ ಪುಡಿಗಳನ್ನು ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ. ತೋಟದ ಒಂದು ಹಿಡಿ ಮಣ್ಣಿನಲ್ಲಿ ಬೇಕಾದಷ್ಟು ಜೀವಿಗಳಿರುತ್ತವೆ.

ವಾರಕ್ಕೊಂದೆರಡು ಬಾರಿ ಬುಡಮೇಲು ಮಾಡುವಾಗ ಒಂದು ಹಿಡಿ ತೆಗೆದು ಹಿಂಡಿ ನೋಡಿ. ಅಂಗೈ ಒದ್ದೆಯಾಗಿ, ಹೆಚ್ಚೆಂದರೆ ಒಂದೆರಡು ಹನಿ ಜಿನುಗಿದರೆ ತೇವ ಸರಿಯಾಗಿದೆ. ನೀರು ಧಾರೆಯಾಗಿ ಇಳಿದರೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಾಡುತ್ತಿಲ್ಲ ಎಂದರ್ಥ. ಒಣ ಎಲೆ ಬೆರೆಸಿ ಸಡಿಲಗೊಳಿಸಿ. ಮೂಗಿಗೆ ಅಡರುವ ಅಮೋನಿಯಾದ ಘಾಟಿಗೂ ಒಣ ಎಲೆಯೇ ಮದ್ದು, ಏಕೆಂದರೆ ಅಲ್ಲಿ ಸಾರಜನಕ ಮಿತಿಮೀರಿರುತ್ತದೆ.

ಮಾಂಸ, ಹಾಲಿನ ಪದಾರ್ಥ, ಎಣ್ಣೆ ಉಪ್ಪು ಬೆರೆತ ಅಡುಗೆಯನ್ನು ಹಾಕಬೇಡಿ. ಕಾಫಿ, ಚಹಾದ ಚರಟವನ್ನು ತೆಳುವಾಗಿ ಹರಡಬಹುದು. ಮೊಟ್ಟೆಯ ಸಿಪ್ಪೆಯಲ್ಲಿ ಕ್ಯಾಲ್ಸಿಯಂ ಇದ್ದರೂ ಅದು ಕರಗುವುದು ತೀರಾ ನಿಧಾನ, ಹಾಗಾಗಿ ನುಣ್ಣಗೆ ಪುಡಿಮಾಡಿಯೇ ಹಾಕಿ.

ಹವೆ ಬೆಚ್ಚಗಿದ್ದರೆ ಎರಡು ಮೂರು ತಿಂಗಳಿಗೆ, ಚಳಿಯಿದ್ದರೆ ಇನ್ನೂ ತಡವಾಗಿ, ಸಿಪ್ಪೆಯ ಗುರುತೇ ಸಿಗದಂತೆ ಎಲ್ಲವೂ ಕಪ್ಪಾಗಿ, ಉದುರುದುರಾಗಿ, ಮಣ್ಣಿನ ವಾಸನೆ ಬೀರುತ್ತದೆ. ಅದನ್ನು ಜರಡಿ ಹಿಡಿದು, ಹೊಸ ಕುಂಡಕ್ಕಾದರೆ ಮೂರು ಪಾಲು ಮಣ್ಣಿಗೆ ಒಂದು ಪಾಲಿನಂತೆ ಬೆರೆಸಿ. ಬೆಳೆದ ಗಿಡಕ್ಕಾದರೆ ಕಾಂಡಕ್ಕೆ ತಾಗದಂತೆ ಸುತ್ತಲೂ ಒಂದೆರಡು ಸೆಂಟಿಮೀಟರ್ ದಪ್ಪಕ್ಕೆ ಹರಡಿ ನೀರು ಹಾಯಿಸಿ.