ಸೊನ್ನೆಯಿಂದ ಸಾವಿರಕ್ಕೆ: ಕೋರ್ಸಿಗೆ ಆಟದ ನಿಯಮ ಕಟ್ಟಿದ ಬಗೆ

ನಾನು ಕಲಿಸುವ ಕೋರ್ಸಿಗೆ ಗೇಮಿಫಿಕೇಶನ್, ಅಂದರೆ ಕಲಿಕೆಗೆ ಆಟದ ನಿಯಮ, ತಂದಾಗ ಮೊದಲು ಬದಲಿಸಿದ್ದು ಅಂಕ ಎಣಿಸುವ ದಿಕ್ಕನ್ನು. ನೂರರಲ್ಲಿ ಎಷ್ಟು ಹೋಯಿತು ಎಂಬ ಲೆಕ್ಕ ಬಿಟ್ಟು, ಎಲ್ಲರೂ ಸೊನ್ನೆಯಿಂದ ಗಳಿಸುತ್ತಾ ಹೋಗುವ ಲೆಕ್ಕ. 14 ವಾರಗಳಿಗೆ ಒಟ್ಟು 1,250 ಪಾಯಿಂಟ್ ಇಟ್ಟೆ. 1,000 ಮುಟ್ಟಿದರೆ ಪೂರ್ಣ ಅಂಕ, 500ಕ್ಕೆ ಪಾಸು. ಮೇಲಿನ 250 ಧಾರಾಳತನಕ್ಕಲ್ಲ, ಒಂದು ಕೆಲಸ ಕೈಕೊಟ್ಟರೆ ಇನ್ನೊಂದರಲ್ಲಿ ತುಂಬಿಕೊಳ್ಳಲಿ ಎಂದು. ಅಂಕಪಟ್ಟಿಗೆ ಕಳಿಸುವಾಗ 10ರಿಂದ ಭಾಗಿಸಿ, 100 ದಾಟದಂತೆ ಮಿತಿ ಹಾಕಿದರಾಯಿತು.

ಹಂಚಿದ್ದು ಹೀಗೆ: ವಾರದ ಕ್ವಿಜ್ 12, ತಲಾ 20, ಸಣ್ಣ ಕೆಲಸ 6, ತಲಾ 50, ಪ್ರಾಜೆಕ್ಟ್ 2, ತಲಾ 200, ಸಹಪಾಠಿಗಳ ಕೆಲಸದ ವಿಮರ್ಶೆ 10, ತಲಾ 10, ಕೊನೆಯ ಪರೀಕ್ಷೆ 210.

ಈ ಪಟ್ಟಿಯಲ್ಲೇ ಒಂದು ತೂತು ಇದೆ. ಕ್ವಿಜ್, ಸಣ್ಣ ಕೆಲಸ, ವಿಮರ್ಶೆ ಕೂಡಿದರೆ 640. ಅಂದರೆ ಪ್ರಾಜೆಕ್ಟನ್ನೂ ಮಾಡದೆ, ಪರೀಕ್ಷೆಯನ್ನೂ ಬರೆಯದೆ ಪಾಸಾಗಬಹುದು. ಅಗ್ಗದ ಪಾಯಿಂಟ್ ಎಲ್ಲಿದೆ ಎಂದು ವಿದ್ಯಾರ್ಥಿಗಳು ಎರಡನೇ ವಾರಕ್ಕೇ ಪತ್ತೆಹಚ್ಚುತ್ತಾರೆ. ಆಟ ಆಡುವವರ ಕೆಲಸವೇ ಅದು, ದೂರುವಂತಿಲ್ಲ. ಅದಕ್ಕೆ ಒಟ್ಟು ಮೊತ್ತದ ಜೊತೆ ಕನಿಷ್ಠ ಷರತ್ತನ್ನೂ ಸೇರಿಸಿದೆ: ಪಾಸಾಗಲು ಒಂದು ಪ್ರಾಜೆಕ್ಟಿನಲ್ಲಿ 120, ಪರೀಕ್ಷೆಯಲ್ಲಿ 70 ಬರಲೇಬೇಕು. ನಿಯಮಪತ್ರ ಹೊರಡಿಸುವ ಮುಂಚೆ, ಕಷ್ಟದ ಕೆಲಸವನ್ನೆಲ್ಲ ಬಿಟ್ಟ ಸೋಮಾರಿಯೊಬ್ಬನ ಮೊತ್ತವನ್ನು ಕೂಡಿ ನೋಡಿ.

ಆಟದಿಂದ ನಿಜವಾಗಿ ಎರವಲು ಪಡೆಯಬೇಕಾದದ್ದು ಸೋತರೆ ಮತ್ತೆ ಆಡುವ ಅವಕಾಶ. ಒಂದೊಂದು ಕ್ವಿಜ್‌ಗೂ ಮೂರು ಪ್ರಯತ್ನ, ಅತಿ ಹೆಚ್ಚಿನದು ಲೆಕ್ಕಕ್ಕೆ. ಪ್ರಯತ್ನಗಳ ನಡುವೆ 24 ಗಂಟೆ ಅಂತರ ಕಡ್ಡಾಯ. ಇಲ್ಲವಾದರೆ ಓದುವುದಿಲ್ಲ, ಒಂದೊಂದೇ ಆಯ್ಕೆ ಒತ್ತಿ ಸರಿಯುತ್ತರ ಹುಡುಕುತ್ತಾರೆ. ಪ್ರತಿ ಸಲ 10 ಪ್ರಶ್ನೆ ಬರುವುದಾದರೆ ಪ್ರಶ್ನೆಬ್ಯಾಂಕಿನಲ್ಲಿ 40 ಇರಲಿ. 15ರಷ್ಟೇ ಇದ್ದರೆ ಎರಡನೇ ಪ್ರಯತ್ನದಲ್ಲಿ ಕನಿಷ್ಠ ಐದು ಪ್ರಶ್ನೆ ಹಳೆಯವೇ ಬರುತ್ತವೆ. ಆನ್‌ಲೈನ್ ಕೋರ್ಸ್ ನಡೆಸುವ ತಂತ್ರಾಂಶವಾದ ಮೂಡಲ್‌ನಲ್ಲಿ (Moodle) ಈ ಅಂತರ ಕ್ವಿಜ್ ಸೆಟ್ಟಿಂಗ್‌ನಲ್ಲೇ ಇದೆ. ಮೊದಲೆರಡು ಪ್ರಯತ್ನಗಳ ನಡುವಿನದು ಒಂದು, ಆಮೇಲಿನವುಗಳದ್ದು ಇನ್ನೊಂದು, ಎರಡನ್ನೂ ತುಂಬಬೇಕು. ಕ್ವಿಜ್ ಮುಗಿಯುವ ತನಕ ಸರಿಯುತ್ತರ ಕಾಣದಂತೆ ಮುಚ್ಚಿ, ಯಾವ ಪಾಠ ಮತ್ತೆ ನೋಡಬೇಕೆಂಬ ಸೂಚನೆಯನ್ನಷ್ಟೇ ತೋರಿಸುತ್ತೇನೆ. ಪ್ರಾಜೆಕ್ಟಿಗೂ ಒಂದು ಮರುಸಲ್ಲಿಕೆ, 7 ದಿನದೊಳಗೆ, ಗರಿಷ್ಠ 180ಕ್ಕೆ. ಆ 20ರ ಕಡಿತ ಇಲ್ಲದಿದ್ದರೆ ಮೊದಲ ಸಲ ಕರಡನ್ನೇ ಕೊಟ್ಟು ಕೂರುತ್ತಾರೆ.

ಮುಂದಿನ ಹಂತ ತೆರೆಯಲು ಹಿಂದಿನ ಕ್ವಿಜ್‌ನಲ್ಲಿ 14 ಬೇಕು. ಮೂಡಲ್‌ನ ಪ್ರವೇಶ ನಿರ್ಬಂಧದಲ್ಲಿ ಬರೆಯುವುದು ಅಂಕವಲ್ಲ, ಶೇಕಡಾ: 14 ಎಂದು ಹಾಕಿದರೆ ಶೇ 14ಕ್ಕೇ ಬಾಗಿಲು ತೆರೆಯುತ್ತದೆ, 70 ಎಂದು ಹಾಕಿ. ಪಕ್ಕದ ಕಣ್ಣಿನ ಗುರುತು ತೆರೆದೇ ಇರಲಿ, ಮುಚ್ಚಿದರೆ ಮುಂದೊಂದು ಹಂತ ಇದೆ ಎಂಬುದೇ ಅವರಿಗೆ ಕಾಣುವುದಿಲ್ಲ.

ವಿಮರ್ಶೆಗೆ ಸುಮ್ಮನೆ 10 ಕೊಟ್ಟರೆ ಬರುವುದು ‘ಚೆನ್ನಾಗಿದೆ’ ಎಂಬ ಒಂದೇ ಪದ. ವಿಮರ್ಶೆ ಪಡೆದವರು ಅದರಿಂದ ಏನು ತಿದ್ದಿದೆವು, ಅಥವಾ ಏಕೆ ತಿದ್ದಲಿಲ್ಲ ಎಂದು ಒಂದು ಸಾಲು ಬರೆದ ಮೇಲೆ, ಅದನ್ನು ನೋಡಿಯೇ ಪಾಯಿಂಟ್ ಹಾಕುತ್ತೇನೆ.

ಯಾರು ಎಷ್ಟನೆಯವರು ಎಂದು ಎಲ್ಲರಿಗೂ ತೋರಿಸುವ ಪಟ್ಟಿ, ಲೀಡರ್‌ಬೋರ್ಡ್, ಇಡುವುದಿಲ್ಲ. ಮೇಲಿನ ಐವರಿಗೆ ಅದು ಖುಷಿ, ಉಳಿದವರಿಗೆ ಪ್ರತಿದಿನದ ಸೋಲು. ಸಂಶೋಧಕರಾದ ಹಾನಸ್ ಮತ್ತು ಫಾಕ್ಸ್ 2015ರಲ್ಲಿ ಪ್ರಕಟಿಸಿದ 16 ವಾರದ ಅಧ್ಯಯನದಲ್ಲಿ, ಬ್ಯಾಡ್ಜ್ (ಸಾಧನೆಗೆ ಕೊಡುವ ಗುರುತು) ಮತ್ತು ಲೀಡರ್‌ಬೋರ್ಡ್ ಇದ್ದ ತರಗತಿಯವರಲ್ಲಿ ತಾನಾಗಿ ಹುಟ್ಟುವ ಆಸಕ್ತಿ ಅವೆರಡೂ ಇಲ್ಲದ ತರಗತಿಗಿಂತ ಕುಗ್ಗಿತ್ತು, ಕೊನೆಯ ಪರೀಕ್ಷೆಯ ಅಂಕವೂ ಅದರ ಜೊತೆ ಇಳಿದಿತ್ತು. ಸ್ವಂತ ಮೊತ್ತ ಮತ್ತು 1,000ಕ್ಕೆ ಇನ್ನೆಷ್ಟು ಬಾಕಿ, ಇಷ್ಟು ಕಂಡರೆ ಸಾಕು.

ಬ್ಯಾಡ್ಜ್ ಕೊಡುತ್ತೇನೆ, ಆದರೆ ಮೊದಲೇ ಸಾರುವುದಿಲ್ಲ. 1973ರ ಲೆಪ್ಪರ್, ಗ್ರೀನ್, ನಿಸ್ಬೆಟ್ ಪ್ರಯೋಗದಲ್ಲಿ ಬಹುಮಾನದ ಆಸೆ ತೋರಿಸಿ ಚಿತ್ರ ಬರೆಸಿದ ಮಕ್ಕಳು ಆಮೇಲೆ ತಾವಾಗಿ ಬರೆಯುವುದನ್ನು ಕಡಿಮೆ ಮಾಡಿದರು. ಅನಿರೀಕ್ಷಿತವಾಗಿ ಪಡೆದವರಲ್ಲಿ ಆ ಇಳಿಕೆ ಕಾಣಲಿಲ್ಲ. ಒಳ್ಳೆಯ ಪ್ರಶ್ನೆ ಕೇಳಿದ್ದಕ್ಕೆ, ತನ್ನದೇ ತಪ್ಪನ್ನು ಹುಡುಕಿ ತೋರಿಸಿದ್ದಕ್ಕೆ ಬ್ಯಾಡ್ಜ್, ಪಾಯಿಂಟ್ ಸೊನ್ನೆ.

ಇಷ್ಟಕ್ಕೂ ಬೆವರು ಹರಿಯುವುದು ಪ್ರಶ್ನೆಬ್ಯಾಂಕಿಗೆ: 12 ಕ್ವಿಜ್‌ಗೆ 480 ಪ್ರಶ್ನೆ. ಒಂದೇ ಸಲ ಎಲ್ಲಕ್ಕೂ ಕೈಹಾಕುವ ಬದಲು, ಮೊದಲ ಸಲ ಮೂರು ವಾರದ ಪಾಠಕ್ಕೆ 120 ಬರೆದು, ಉಳಿದದ್ದನ್ನು ಹಳೆಯ ಕ್ರಮದಲ್ಲೇ ನಡೆಸಬಹುದು.