ನಕ್ಷೆಯ ವಲಯ ಬಿಟ್ಟು ಹಿತ್ತಲಿನ ಲೆಕ್ಕ: ಮಲೆನಾಡಿನ ಕೈತೋಟದಲ್ಲಿ ನನ್ನ ಅನುಭವ

ಆನ್‌ಲೈನ್‌ನಲ್ಲಿ ಗಿಡ, ಬೀಜ ತರಿಸುವವರಿಗೆ ಚೀಟಿಯ ಮೇಲೆ 'ಝೋನ್ 9–11' ಎಂಬಂಥ ಬರಹ ಕಾಣುತ್ತದೆ. ಇದು ಅಮೆರಿಕದ ಕೃಷಿ ಇಲಾಖೆಯ ನಕ್ಷೆಯ ಸಂಖ್ಯೆ. ವರ್ಷದ ಅತಿ ಚಳಿಯ ರಾತ್ರಿ ಎಷ್ಟು ಡಿಗ್ರಿಗೆ ಇಳಿಯುತ್ತದೆ ಎಂಬುದರ ಮೂವತ್ತು ವರ್ಷದ ಸರಾಸರಿ ತೆಗೆದು ಅಲ್ಲಿ 13 ವಲಯ ಮಾಡಿದ್ದಾರೆ; ಒಂದೊಂದರಲ್ಲೂ ಎ, ಬಿ ಎಂದು ಎರಡು ಅರ್ಧ. 2012ರ ನಕ್ಷೆಯನ್ನು 2023ರಲ್ಲಿ 1991–2020ರ ಅಂಕಿ ಹಿಡಿದು ಹೊಸದಾಗಿ ಬರೆದಾಗ ಆ ದೇಶದ ಸುಮಾರು ಅರ್ಧದಷ್ಟು ನೆಲ ಅರ್ಧ ವಲಯ ಬೆಚ್ಚಗಿನ ಕಡೆಗೆ ಸರಿಯಿತು. ಅಲ್ಲಿ ಗಿಡ ಸಾಯುವುದು ಹಿಮಕ್ಕೆ. ಹಾಗಾಗಿ ಅವರಿಗೆ ಆ ಒಂದು ಸಂಖ್ಯೆ ದೊಡ್ಡದು.

ನಮ್ಮಲ್ಲಿ ಅತಿ ತಣ್ಣನೆಯ ರಾತ್ರಿ ಸರಾಸರಿ 10ರಿಂದ 12 ಡಿಗ್ರಿ ಸೆಲ್ಸಿಯಸ್ ಇರುವ ಹಿತ್ತಲು ಆ ಲೆಕ್ಕಕ್ಕೆ 12ಎ. ಆದರೆ ಮಳೆ ಅಷ್ಟಾಗಿ ಬೀಳದ ಶಿಕಾರಿಪುರದ ಹಿತ್ತಲೂ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಹಿತ್ತಲೂ ಇದೇ ಸಂಖ್ಯೆಗೆ ಬೀಳಬಹುದು. ಲ್ಯಾವೆಂಡರ್ ತಂದು ನೆಟ್ಟವರಿಗೆ ಇದು ಗೊತ್ತು. ಚಳಿಯ ಪಾಡಿಗೆ ಅದು ಬದುಕುತ್ತದೆ, ಆಷಾಢದ ಜಡಿಮಳೆಗೆ ಬೇರು ಕೊಳೆತು ಹೋಗುತ್ತದೆ. ಸೇಬು, ಟ್ಯೂಲಿಪ್‌ಗಳದ್ದು ಉಲ್ಟಾ ಕಥೆ: ಬೇಕಾದಷ್ಟು ಚಳಿ ಸಿಗದೆ ಹೂ ಕಟ್ಟುವುದೇ ಕಷ್ಟ. ಮಲೆನಾಡಿನಲ್ಲಿ ಗಿಡದ ಹಣೆಬರಹ ಬರೆಯುವುದು ಬೆಚ್ಚಗಾದ ಚಳಿಗಾಲದ ರಾತ್ರಿ, ಮಳೆ ನಡುವಿನ ಬಿಡುವು, ಮೂರೇ ದಿನದಲ್ಲಿ ಸುರಿದುಬಿಡುವ ಮಳೆ. ಇವನ್ನು ನಮ್ಮ ಹಿತ್ತಲಲ್ಲೇ ಅಳೆಯಬೇಕು, ಬೇರೆ ದಾರಿಯಿಲ್ಲ.

ಅಳೆಯುವುದಕ್ಕೆ ಎರಡೇ ಸಾಮಾನು ಸಾಕು. ಮೊದಲನೆಯದು ಗರಿಷ್ಠ–ಕನಿಷ್ಠ ಥರ್ಮಾಮೀಟರ್. 'ಯು' ಆಕಾರದ ಕೊಳವೆಯದ್ದು ಮಳೆಗಾಲದ ತೇವಕ್ಕೂ ಕೆಡುವುದಿಲ್ಲ. ಡಿಜಿಟಲ್ ಆದರೆ ಸೆಲ್ ಕೂರುವ ಜಾಗಕ್ಕೆ ತುಕ್ಕು ಹಿಡಿಯುತ್ತದೆ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಬಿಸಿಲು ತಾಗದ ಉತ್ತರದ ಕಡೆ, ಗೋಡೆಗೆ ಅಂಟದಂತೆ ತೂಗುಹಾಕುತ್ತೇನೆ. ತಗಡಿನ ಮಾಡಿನ ಕೆಳಗೆ ಹಾಕಿದರೆ ಹಗಲಿನ ಅಂಕಿ ಸುಳ್ಳು ಹೇಳುತ್ತದೆ. ಕೊಳವೆಯೊಳಗೆ ಸಣ್ಣ ಕಡ್ಡಿಯಿರುತ್ತದೆ. ಓದಬೇಕಾದ್ದು ಅದರ ಕೆಳ ತುದಿ ನಿಂತ ಗೆರೆ, ಮೇಲಿನ ತುದಿಯಲ್ಲ. ಬೆಳಿಗ್ಗೆ ಎಂಟೂವರೆಗೆ ಓದಿ, ಗುಂಡಿ ಒತ್ತಿ ಕಡ್ಡಿಯನ್ನು ಮತ್ತೆ ಕೆಳಗಿಳಿಸಬೇಕು. ಹವಾಮಾನ ಇಲಾಖೆ ಮಳೆ ಅಳೆಯುವುದೂ ಎಂಟೂವರೆಗೇ. ಹೊತ್ತು ಒಂದೇ ಆದರೆ ಹೋಲಿಸಲು ಸುಲಭ.

ಸಾಧ್ಯವಾದರೆ ಎರಡು ಥರ್ಮಾಮೀಟರ್ ಇಡಿ, ಒಂದು ಅಂಗಳದಲ್ಲಿ, ಇನ್ನೊಂದು ಕೆಳಗಿನ ತೋಟದ ತಗ್ಗಿನಲ್ಲಿ. ತಣ್ಣನೆಯ ಗಾಳಿ ಭಾರ, ರಾತ್ರಿ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮೋಡವಿಲ್ಲದ ಡಿಸೆಂಬರ್ ರಾತ್ರಿಗಳಲ್ಲಿ ಎರಡಕ್ಕೂ ಎರಡು–ಮೂರು ಡಿಗ್ರಿ ಅಂತರ ಕಾಣುತ್ತದೆ. ಅಂದರೆ ನಕ್ಷೆಯ ಅರ್ಧ ವಲಯಕ್ಕೆ ಸಮನಾದ ವ್ಯತ್ಯಾಸ ಒಂದೇ ಜಮೀನಿನೊಳಗೆ ಇರುತ್ತದೆ. ಚಳಿ ಬೇಡುವ ಕೋಸು, ಬಟಾಣಿಯನ್ನು ತಗ್ಗಿನ ಕಡೆಯ ತೆರವು ಜಾಗಕ್ಕೆ ಇಳಿಸುವುದು ಇದನ್ನು ನೋಡಿಯೇ.

ಮಳೆ ಅಳೆಯಲು ಎರಡು ಲೀಟರಿನ ತಂಪುಪಾನೀಯದ ಬಾಟಲಿ ಸಾಕು. ಸೊಂಟ ಬಳುಕಿದ ಬಾಟಲಿ ಬೇಡ, ನೆಟ್ಟಗಿರಬೇಕು. ಹೆಗಲ ಹತ್ತಿರ ಕತ್ತರಿಸಿ, ಮೇಲ್ಭಾಗವನ್ನು ಬೋರಲು ಹಾಕಿದರೆ ಅದೇ ಆಲಿಕೆ. ತಳ ಉಬ್ಬುತಗ್ಗಾಗಿರುವುದರಿಂದ ಅಲ್ಲಿಗೆ ಹರಳುಕಲ್ಲು ತುಂಬಿ, ಬದಿ ನೆಟ್ಟಗಾಗುವಲ್ಲಿ ಸೊನ್ನೆ ಗೆರೆ ಎಳೆದು ಅಷ್ಟಕ್ಕೆ ನೀರು ಹೊಯ್ಯಿರಿ. ಅಲ್ಲಿಂದ ಮೇಲೆ ಸ್ಕೇಲಿನಲ್ಲಿ ಕಂಡಷ್ಟು ಮಿಲಿಮೀಟರೇ ಮಳೆ. ಪಕ್ಕದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರವಿಡಬೇಕೆಂಬುದು ನಿಯಮ. ಅಡಿಕೆ ಮರಗಳ ನಡುವೆ ಅದು ಆಗದ ಮಾತು, ಸೂರಿನ ಹನಿ ಮತ್ತು ಸೋಗೆಯ ಹನಿ ಬೀಳದಿದ್ದರೆ ಸಾಕು. ಜೋರು ಮಳೆಯ ದಿನ ಬಾಟಲಿ ತುಂಬಿ ಹೊರಚೆಲ್ಲುವುದರಿಂದ ಸಂಜೆಯೂ ಒಮ್ಮೆ ಅಳೆದು ಖಾಲಿ ಮಾಡಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ. ಆ ಅಂಕಿಯ ಜೊತೆ ಆಗಾಗ ತಾಳೆ ನೋಡಿ.

ಇದರಿಂದ ನಾನು ತೆಗೆಯುವುದು ನಾಲ್ಕು ಅಂಕಿ: ನವೆಂಬರ್–ಜನವರಿಯಲ್ಲಿ 15 ಡಿಗ್ರಿಗಿಂತ ಕೆಳಗಿಳಿದ ರಾತ್ರಿಗಳೆಷ್ಟು, ಒಂದೇ ವಾರದಲ್ಲಿ 50 ಮಿ.ಮೀ. ಬಿದ್ದ ಮೊದಲ ತಾರೀಕು, ಅದಾದ ಮೇಲಿನ ಅತಿ ಉದ್ದದ ಬಿಡುವು, ಮೂರು ದಿನದ ಅತಿ ಹೆಚ್ಚಿನ ಮಳೆ.

ಹೂಕೋಸಿನ ಬೀಜ ಆರಿಸುವುದು ಮೊದಲ ಅಂಕಿಯಿಂದ. ಸ್ನೋಬಾಲ್ ಗುಂಪಿನ ತಳಿಗಳು ಹೂ ಕಟ್ಟಲು 10–16 ಡಿಗ್ರಿ ಕೇಳುತ್ತವೆ. ಪೂಸಾ ದೀಪಾಲಿಯಂಥ ಮುಂಗಡ ತಳಿಗಳಿಗೆ 20–27 ಸಾಕು. ತಣ್ಣನೆಯ ರಾತ್ರಿಗಳು ಕಡಿಮೆಯಾಗುತ್ತ ಬಂದಿದ್ದರೆ ಸ್ನೋಬಾಲ್ ಬರೀ ಎಲೆ ಬಿಡುತ್ತದೆ, ಗೊಬ್ಬರ ಸುರಿದರೆ ಎಲೆ ಇನ್ನೂ ದೊಡ್ಡದಾಗುತ್ತದೆ, ಅಷ್ಟೇ. ಮುಂಗಡ ತಳಿಯನ್ನು ತಡವಾಗಿ ಹಾಕಿದರೂ ತೊಂದರೆ: ಗಿಡ ಬಲಿಯುವ ಮೊದಲೇ ಗುಂಡಿಯಷ್ಟು ಹೂ ಬಿಟ್ಟು ನಿಂತುಬಿಡುತ್ತದೆ. ಕೊತ್ತಂಬರಿಯನ್ನು ನವೆಂಬರ್‌ನಿಂದ ಜನವರಿ ನಡುವೆ ಸ್ವಲ್ಪ ಸ್ವಲ್ಪವೇ ಬಿತ್ತಿ. ಬಿಸಿಲೇರಿದ ಮೇಲೆ ಹಾಕಿದ್ದು ಸೊಪ್ಪಾಗುವ ಮೊದಲೇ ಹೂವಿಗೆ ಹೋಗುತ್ತದೆ.

ಮುಂಗಾರಿನ ಮಗೆ, ಸೌತೆ, ಹೀರೆ, ಬೆಂಡೆಗೆ ನಕ್ಷತ್ರ ನೋಡಿ ಬಿತ್ತುವುದು ನಮ್ಮ ಕಡೆಯ ರೂಢಿ. ಕೃತ್ತಿಕೆ, ರೋಹಿಣಿ ಪಂಚಾಂಗದ ತಾರೀಕಿಗೆ ಸರಿಯಾಗಿ ಬರುತ್ತವೆ, ಮಳೆ ಆ ತಾರೀಕಿಗೆ ಬರುವ ಭರವಸೆಯಿಲ್ಲ. ಒಂದು ಅಡ್ಡಮಳೆ ನಂಬಿ ಪೂರ್ತಿ ಬೀಜ ಹಾಕಿದರೆ ನಂತರದ ಬಿಡುವಿಗೆ ಮೊಳಕೆ ಸುಟ್ಟುಹೋಗುತ್ತದೆ. ಅದಕ್ಕೇ ಬೀಜವನ್ನು ಮೂರು ಪಾಲು ಮಾಡುತ್ತೇನೆ. ವಾರದಲ್ಲಿ 50 ಮಿ.ಮೀ. ಬಿದ್ದು, ಗೇಣುದ್ದ ಅಗೆದರೂ ಮಣ್ಣು ಹಸಿ ಇದ್ದರೆ ಮೊದಲ ಪಾಲು. ಹನ್ನೆರಡು ದಿನ ಬಿಟ್ಟು ಎರಡನೆಯದು. ಇನ್ನು ಹನ್ನೆರಡು ದಿನಕ್ಕೆ ಮೂರನೆಯದು. ಒಂದು ಪಾಲು ಹೋದರೂ ಎರಡು ಉಳಿಯುತ್ತವೆ, ಕಾಯಿಯೂ ಒಟ್ಟಿಗೇ ಬಂದು ಹಾಳಾಗುವುದಿಲ್ಲ.

ಮೂರು ದಿನದ ಮಳೆ 200 ಮಿ.ಮೀ. ದಾಟುವ ಹಿತ್ತಲಿನಲ್ಲಿ ಮೆಣಸಿನಕಾಯಿ, ಟೊಮೆಟೊ, ಸಸಿಮಡಿಗಳಿಗೆ ಮಾಡು ಬೇಕೇ ಬೇಕು. ನಾಲ್ಕು ಅಡಿ ಅಗಲ, ಹತ್ತು ಅಡಿ ಉದ್ದದ ಮಡಿಗೆ ಲೆಕ್ಕ ಹೀಗಿದೆ. ಮಡಿಯ ಎತ್ತರ ಒಂದು ಅಡಿ, ಸುತ್ತ ಮುಕ್ಕಾಲು ಅಡಿ ಆಳದ ಬಸಿಗಾಲುವೆ. ನಡುಗಂಬ ಆರೂವರೆ ಅಡಿ, ಅಂಚಿನ ಕಂಬ ಐದು ಅಡಿ. ಕಂಬಕ್ಕೆ ಬಿದಿರು, ಮೇಲೆ ಒಂದೂವರೆ ಅಡಿಗೊಂದರಂತೆ ಅಡಿಕೆ ದಬ್ಬೆ. ಎರಡೂ ಬದಿಗೆ ಒಂದೊಂದು ಅಡಿ ಹೊರಚಾಚಿದರೆ 200 ಮೈಕ್ರಾನಿನ ಯುವಿ ಪ್ಲಾಸ್ಟಿಕ್ ಹಾಳೆ ಎಂಟು ಅಡಿ ಅಗಲ, ಹನ್ನೆರಡು ಅಡಿ ಉದ್ದ ಬೇಕು, ಅಂಚನ್ನು ಬಿದಿರಿಗೆ ಸುತ್ತಿ ಕಟ್ಟುವಷ್ಟನ್ನೂ ಸೇರಿಸಿ. ದಬ್ಬೆಯ ಸಿಬಿರು ಹಾಳೆಗೆ ಚುಚ್ಚದಂತೆ ಕತ್ತಿಯಲ್ಲಿ ಹೆರೆದು, ಹಾಳೆ ತಾಗುವ ಕಡೆ ಹಳೆ ಬಟ್ಟೆ ಸುತ್ತಬೇಕು. ಇಳಿಜಾರು ಕಡಿಮೆ ಮಾಡಿದರೆ ನೀರು ನಿಂತು ಹಾಳೆ ಜೋತುಬಿದ್ದು ಹರಿಯುತ್ತದೆ. ನಾಲ್ಕೂ ಬದಿ ಮುಚ್ಚುವುದಂತೂ ಬೇಡವೇ ಬೇಡ. ಒಳಗೆ ಗಾಳಿಯಾಡದೆ ಎಲೆಗೆ ಬೂಷ್ಟು ಬರುತ್ತದೆ.

ಬೆಚ್ಚಗಿನ, ನೆನೆದ ಮಣ್ಣಿನ ದೊಡ್ಡ ಶತ್ರು ಟೊಮೆಟೊ, ಬದನೆಯ ಸೊರಗು ರೋಗ. ಎಲೆ ಹಸಿರಿರುವಾಗಲೇ ಗಿಡ ಒಂದೆರಡು ದಿನದಲ್ಲಿ ಜೋತುಬೀಳುತ್ತದೆ. ನೀರು ಸಾಲದೇನೋ ಎಂದು ಮತ್ತೆ ನೀರು ಹೊಯ್ಯುವ ಮುಂಚೆ ಬುಡದ ಹತ್ತಿರ ಎರಡು ಇಂಚು ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಬಾಯಿಂದ ಹಾಲಿನಂಥ ಎಳೆ ಕೆಳಗಿಳಿದರೆ ಅದು ಬ್ಯಾಕ್ಟೀರಿಯಾ. ಮದ್ದಿಲ್ಲ. ಬುಡದ ಮಣ್ಣು ಸಮೇತ ಕಿತ್ತು ಸುಡಬೇಕು, ಗೊಬ್ಬರಗುಂಡಿಗೆ ಎಸೆಯಬಾರದು. ಆ ಮಡಿಯಲ್ಲಿ ಮೂರು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ. ಈ ರೋಗ ತಡೆಯುವ ಅರ್ಕಾ ರಕ್ಷಕ್ ಟೊಮೆಟೊ ಹಾಕುವುದು ಒಂದು ದಾರಿ, ಕಾಡು ಸುಂಡೆಯ ಬುಡಕ್ಕೆ ಕಸಿ ಮಾಡುವುದು ಇನ್ನೊಂದು. ಸುಂಡೆ ನಿಧಾನ, ಅದನ್ನು ಮೂರ್ನಾಲ್ಕು ವಾರ ಮುಂಚೆ ಬಿತ್ತಬೇಕು. ಎರಡೂ ಕಾಂಡ ಒಂದೇ ದಪ್ಪವಾದಾಗ ಓರೆಯಾಗಿ ಕತ್ತರಿಸಿ, ಕ್ಲಿಪ್ ಹಾಕಿ, ವಾರದ ಮಟ್ಟಿಗೆ ನೆರಳಿನಲ್ಲಿ ತೇವ ಆರದಂತೆ ಮುಚ್ಚಿಡಬೇಕು. ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಎರಡು ಇಂಚು ಮೇಲಿರಲಿ. ಗಂಟು ಹೂತರೆ ಮೇಲಿನ ಗಿಡವೇ ಬೇರು ಬಿಟ್ಟು ರೋಗಕ್ಕೆ ಬಾಗಿಲು ತೆರೆಯುತ್ತದೆ.

ಡೇರೆ ಹೂವಿನ ಗೆಡ್ಡೆ ಕಿತ್ತಿಡುವವರು ಒಂದನ್ನು ಗಮನಿಸಿ: ಕಣ್ಣಿರುವುದು ಗೆಡ್ಡೆಯ ಮೈಮೇಲಲ್ಲ, ಹಳೆಯ ಕಾಂಡ ಸೇರುವ ಕುತ್ತಿಗೆಯಲ್ಲಿ, ಸಾಸಿವೆಯಷ್ಟು ಉಬ್ಬು. ನಾಲ್ಕು ಇಂಚು ಕಾಂಡ ಬಿಟ್ಟು, ಬೂದಿ ಸವರಿ, ಒಣಮರಳಿನಲ್ಲಿ ಹುದುಗಿಸಿ ತಣ್ಣನೆಯ ಕೋಣೆಯಲ್ಲಿಡಿ. ಮಾರ್ಚ್–ಏಪ್ರಿಲ್ ಸೆಕೆಗೆ ಸುಕ್ಕುಗಟ್ಟಿದ್ದರೆ ಮರಳಿಗೆ ಒಂದು ಹಿಡಿ ನೀರು ಚಿಮುಕಿಸಿ, ಅದಕ್ಕಿಂತ ಹೆಚ್ಚು ಬೇಡ.

ಅಪ್ಪೆಮಿಡಿಯದ್ದು ಸೂಕ್ಷ್ಮ ವಿಷಯ. ಮಾವು ಹೂಬಿಡಲು ಒಣಗಿದ ಮಣ್ಣು, ತಣ್ಣನೆಯ ರಾತ್ರಿ ಎರಡೂ ಬೇಕು. ನವೆಂಬರ್‌ನಲ್ಲಿ ಅಕಾಲದ ಮಳೆ ಬಿದ್ದು ರಾತ್ರಿಯೂ ಬೆಚ್ಚಗಿದ್ದರೆ ಹೂವಿನ ಬದಲು ಚಿಗುರು ಬರುತ್ತದೆ. ಕಸಿ ಗಿಡ ದೊಡ್ಡದಾಗಿದ್ದರೆ ಸೆಪ್ಟೆಂಬರ್ ನಂತರ ಗೊಬ್ಬರ, ಅಕ್ಟೋಬರ್ ಕೊನೆಯಿಂದ ನೀರು ನಿಲ್ಲಿಸಿ, ಬುಡದ ಸುತ್ತ ಮಳೆನೀರು ನಿಲ್ಲದಂತೆ ಕಾಲುವೆ ಬಿಡಿಸಿ. ಹೂವಿದ್ದಾಗ ಮಳೆಯೋ ದಟ್ಟ ಇಬ್ಬನಿಯೋ ಬಂದರೆ ಬೆಳಿಗ್ಗೆಯೇ ಕೊಂಬೆಗಳನ್ನು ಮೆಲ್ಲಗೆ ಅಲ್ಲಾಡಿಸಿ ನೀರು ಉದುರಿಸಿ. ಹೂಗೊಂಚಲಿಗೆ ಬಿಳಿ ಹಿಟ್ಟು ಕಂಡರೆ ಅದು ಬೂದಿ ರೋಗ: ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ ಎರಡು ಗ್ರಾಂ, ಬಿಸಿಲಿಳಿದು ಜೇನ್ನೊಣ ಹೋದ ಮೇಲೆ ಸಿಂಪಡಿಸಬೇಕು. ಮಿಡಿ ಕಚ್ಚಿದ ಮೇಲೆ ಏನನ್ನೂ ಹೊಡೆಯಬೇಡಿ, ಅದು ನೇರ ಉಪ್ಪಿನಕಾಯಿ ಭರಣಿಗೆ ಹೋಗುವಂಥದ್ದು.