ದುರ್ಗದ ನೀರಲ್ಲಿ ನಿಲ್ಲಲ್ಲ ಅಂದ್ರು, ನೀಲಿ ನಿಂತೈತಿ

ಸಯನೋಟೈಪ್ ಅಂದ್ರೆ ಎರಡು ರಾಸಾಯನಿಕ ಪುಡಿ ನೀರಲ್ಲಿ ಕಲೆಸಿ ಬಟ್ಟೆಗೆ ಹಚ್ಚಿ, ಕತ್ತಲಲ್ಲಿ ಒಣಗಿಸಿ, ಮೇಲೆ ಎಲೆ ಇಟ್ಟು ಬಿಸಿಲಿಗೆ ಹಿಡಿದು ತೊಳೆಯೋದು; ಎಲೆ ಇದ್ದ ಕಡೆ ಬಿಳಿ, ಉಳಿದಿದ್ದೆಲ್ಲ ನೀಲಿ. ಚಿತ್ರದುರ್ಗದಲ್ಲಿ ಬಟ್ಟೆ ಮೇಲೆ ಸಯನೋಟೈಪ್ ಆಗಲ್ಲ, ಬಣ್ಣ ನಿಲ್ಲಲ್ಲ ಅಂದೋರು ಒಬ್ರಿಬ್ರಲ್ಲ. ನನ್ನ ಮೊದಲ ಒಳ್ಳೆ ದುಪಟ್ಟಾಗೆ ಈಗ 8 ತಿಂಗಳು, ನೀಲಿ ಹಂಗೇ ಐತಿ.

ಅದಕ್ಕೂ ಮೊದ್ಲು ಮೂರು ತಿಂಗಳು ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ಕಿವುಚಿದಂಗೆ. ಎರಡೂ ಪುಡಿ ಸೇರಿ 2,500 ಹತ್ರ, ದಾವಣಗೆರೆಯಿಂದ ತಂದ ಹತ್ತಿ ಬಟ್ಟೆ 12 ಮೀಟರೋ ಏನೋ. ಬಿಸಿಲಿಂದ ತೆಗೆದಾಗ ಹುಣಸೆ ಸೊಪ್ಪಿನ ಒಂದೊಂದು ಎಸಳೂ ಎಣಿಸಬಹುದಿತ್ತು, ಬೋರ್ ನೀರಿಗೆ ಅದ್ದಿದ್ದೇ ತಡ ನೀಲಿ ಮಂಕಾಗಿ, ಎಲೆ ಇದ್ದ ಜಾಗ ಬೆಳ್ಳಗಿರೋ ಬದಲು ಹಳದಿ. ನಾನು ಬಿಸಿಲನ್ನ ಬೈದೆ, 8 ನಿಮಿಷದಿಂದ 25 ನಿಮಿಷದ ತನಕ ಇಟ್ಟು ನೋಡ್ದೆ, ಪುಡಿ ಕೆಟ್ಟಿದೆ ಅಂತ ಬೇರೆ ಕಡೆ ತರಿಸ್ದೆ, ಇನ್ನೊಂದು 2,000 ಹೋಯ್ತು.

ಒಂದಿನ ಕರೆಂಟ್ ಇಲ್ದೆ ಬೋರ್ ನಿಂತಿತ್ತು, ತಾರಸಿ ಪೈಪಿನ ಕೆಳಗಿದ್ದ ಮಳೆ ನೀರಲ್ಲೇ ತೊಳ್ದೆ. ಬೆಳಿಗ್ಗೆ ನೋಡಿದ್ರೆ ಕಡುನೀಲಿ! ತಪ್ಪೆಲ್ಲ ನೀರಿಂದು. ಈ ನೀಲಿಗೆ ಕ್ಷಾರ ಆಗಿ ಬರಲ್ಲ, ನಮ್ಮ ಬೋರಲ್ಲಿ ಅದೇ ಜಾಸ್ತಿ. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞೆ ಅನ್ನಾ ಅಟ್ಕಿನ್ಸ್ 1843ರಲ್ಲಿ ಪಾಚಿ ಇಟ್ಟು ಇದೇ ನೀಲಿ ಅಚ್ಚು ಮಾಡಿದ್ದು ಕಾಗದದ ಮೇಲೆ, ಅದನ್ನ ಯಾರೂ ವಾರವಾರ ಒಗೆಯಲ್ಲ, ಬಟ್ಟೆ ಪಾಡು ಬೇರೆ.

ಈಗ ಮೊದಲ ತೊಳೆತಕ್ಕೆ ಬಕೆಟ್ ಮಳೆ ನೀರಿಗೆ ಒಂದು ಲೋಟ ವಿನೆಗರ್, ಆಮೇಲೆ ಬರೀ ಮಳೆ ನೀರು. ಮಳೆ ಇಲ್ದಾಗ ಶುದ್ಧ ನೀರಿನ ಘಟಕದಿಂದ ಎರಡು ಕ್ಯಾನ್, ದುಪಟ್ಟಾಗೆ 20 ರೂಪಾಯಿ ಒಳಗೇ ಮುಗಿಯುತ್ತೆ.

ಇನ್ನೊಂದು ಕಾಟ ಗಾಳಿ. ಜೋಗಿಮಟ್ಟಿ ಬೆಟ್ಟದ ಕಡೆ ಕರೆಂಟ್ ಮಾಡೋ ದೊಡ್ಡ ಫ್ಯಾನ್ ತಿರುಗಿಸೋ ಗಾಳಿ ನಮ್ಮ ಎಲೆ ಬಿಡ್ತದಾ? ಗಾಜು ಹಾಕಿದ್ರೆ ಹಸಿ ಎಲೆ ಬೆವತು ಕಲೆ. ಅದಕ್ಕೆ ಎಲೆನ ಮೊದ್ಲು ಒಂದು ರಾತ್ರಿ ಹಳೇ ಪೇಪರ್ ನಡುವೆ ಒತ್ತಿಡ್ರಿ. ಎಲೆ ಹಿಂದೆ ನಾನು ಏನು ಸವರ್ತೀನಿ ಅನ್ನೋದು ಮಾತ್ರ ಹೇಳಲ್ಲ, ಅದಕ್ಕೆ ತುಂಬಾ ಬಟ್ಟೆ ಹಾಳು ಮಾಡ್ಕೊಂಡೀನಿ.

ಮಧ್ಯೆ ಮೊಳಕಾಲ್ಮೂರು ರೇಷ್ಮೆ ತುಂಡಿನ ಮೇಲೂ ಮಾಡ್ದೆ, ಹತ್ತಿಗಿಂತ ನಯವಾಗಿ ಬಂತು, ಸೀತಾಫಲದ ಎಲೆ ಅಂಚು ಬರೆದಂಗಿತ್ತು. ಪಾಲಿಯೆಸ್ಟರ್ ಪೂರ್ತಿ ತೊಳೆದು ಹೋಯ್ತು. ಚಹಾ ಡಿಕಾಕ್ಷನ್‌ನಲ್ಲಿ ನೆನೆಸಿದ್ದು ಕಪ್ಪು ಕಂದು, ಅಮ್ಮಂಗೆ ಅದೇ ಇಷ್ಟ.

ದುಪಟ್ಟಾಗೆ 900 ತಗೊಳ್ತೀನಿ, ಜೊತೆಗೆ ಚೀಟಿ ಇಡ್ತೀನಿ: ಸೋಪಿನ ಪುಡಿ ಬೇಡ, ಶಾಂಪೂ ಹಾಕಿ ತಣ್ಣೀರಲ್ಲಿ ಒಗೀರಿ, ನೆರಳಲ್ಲಿ ಒಣಗಿಸಿ.